ಅಂತರ್ಜಾಲಕ್ಕೆ ಏರಿಸಿದ ಫೋಟೊ ಯಾರದ್ದು? – ಓದುಗರ ಪ್ರಶ್ನೆಗಳಿಗೆ ಉತ್ತರ

ಮಳೆಗಾಲದಲ್ಲಿ ಕ್ಯಾಮೆರಾವನ್ನು ಕಾಪಾಡಿಕೊಳ್ಳುವುದು ಹೇಗೆ ಎಂದು ಹಿಂದಿನ ಸಂಚಿಕೆಯಲ್ಲಿ ಬರೆದಿದ್ದೆ. ಅದನ್ನು ಓದಿ ಪತ್ರ ಬರೆದವರಲ್ಲಿ ಹೆಚ್ಚಿನವರ ಚಿಂತೆ ಕ್ಯಾಮೆರಾ ನೆನೆಯುವುದರ ಬಗ್ಗೆ ಇರಲಿಲ್ಲ, ತೆಗೆದ ಚಿತ್ರ ಕಳವಾಗುವುದರ ಬಗ್ಗೆ ಇತ್ತು. ಆದ್ದರಿಂದ ಈ ಬಾರಿಯ ಅಂಕಣವನ್ನು ಪೂರ್ತಿಯಾಗಿ ಅದಕ್ಕೇ ಬಿಟ್ಟುಕೊಟ್ಟಿದ್ದೇನೆ. ಪತ್ರಗಳನ್ನು ಚುಟುಕುಗೊಳಿಸಿದ್ದೇನೆ, ಬರೆದವರ ಹೆಸರುಗಳನ್ನು ಅವರ ಕೋರಿಕೆಯಂತೆ ಕೈಬಿಟ್ಟಿದ್ದೇನೆ.

ಪ್ರಶ್ನೆ: ನಾನು ಹವ್ಯಾಸಿ ಛಾಯಾಗ್ರಾಹಕ. ಮಳೆಗಾಲದಲ್ಲಿ ತೆಗೆದ ಜೋಗ ಜಲಪಾತದ ಚಿತ್ರವೊಂದನ್ನು ನನ್ನ ಜಾಲತಾಣದಲ್ಲಿ ಹಾಕಿದ್ದೆ. ಈಗ ಅದು ನಮ್ಮ ಕಡೆಯ ಒಂದು ಹೋಂಸ್ಟೇಯ ಜಾಲಪುಟದಲ್ಲಿದೆ. ರಸ್ತೆ ಬದಿಯ ಹತ್ತಡಿ ಅಗಲದ ಫ್ಲೆಕ್ಸಿನಲ್ಲಿಯೂ ಇದೆ. ನನ್ನ ತಾಣದಲ್ಲಿ ರೈಟ್ ಕ್ಲಿಕ್ ಆಗದಂತೆ ಮಾಡಿಸಿದ್ದೆ. ಆದರೂ ಹೇಗೆ ತೆಗೆದುಕೊಂಡರು? ಇನ್ನು ಮುಂದೆ ಯಾರೂ ಕದಿಯಲಾಗದಂತೆ ಹಾಕುವುದು ಹೇಗೆ? – ಓದುಗರು, ಸಾಗರ

ಉತ್ತರ: ಯಾರೂ ಕದಿಯಲಾಗದಂತೆ ಹಾಕುವ ವಿಧಾನ ಇಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಇದೆ ಎಂದು ಹೇಳಿ ಹಣ ಪಡೆಯುವವರು ಬಹಳ ಜನರಿದ್ದಾರೆ. ನಿಮ್ಮ ಪುಟವನ್ನು ಯಾರಾದರೂ ತೆರೆದರೆಂದರೆ ಚಿತ್ರದ ಒಂದು ಪ್ರತಿ ಅವರ ಕಂಪ್ಯೂಟರಿಗೋ ಫೋನಿಗೋ ಇಳಿದ ಮೇಲೆಯೇ ಅದು ಅವರ ಕಣ್ಣಿಗೆ ಬೀಳುತ್ತದೆ. ಅಂದರೆ ನೋಡಿದ ಪ್ರತಿಯೊಬ್ಬರ ಕೈಯಲ್ಲಿಯೂ ಆಗಲೇ ಪ್ರತಿ ಇದೆ. ರೈಟ್ ಕ್ಲಿಕ್ ತಡೆಯುವುದರಿಂದ ‘ಉಳಿಸು’ ಎಂಬ ಮೆನು ಮರೆಯಾಗುತ್ತದೆಯೇ ಹೊರತು ಚಿತ್ರ ಮರೆಯಾಗುವುದಿಲ್ಲ. ಸ್ಕ್ರೀನ್‌ಶಾಟ್ ತೆಗೆಯಲು ಎರಡು ಗುಂಡಿಗಳನ್ನು ಒಟ್ಟಿಗೆ ಒತ್ತಿದರೆ ಸಾಕು. ಬಾಗಿಲಿಗೆ ಬೀಗ ಹಾಕಿ ಗೋಡೆ ಕಟ್ಟದೆ ಬಿಟ್ಟಂತೆ ಇದು.

ಹಾಗಾದರೆ ನಮ್ಮ ಹಿಡಿತದಲ್ಲಿರುವುದು ಏನು? ಎಷ್ಟು ದೊಡ್ಡ ಪ್ರತಿಯನ್ನು ಹೊರಗೆ ಬಿಡಬೇಕು ಎಂಬುದು. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ ಅಗಲದಲ್ಲಿ 6000, ಎತ್ತರದಲ್ಲಿ 4000 ಪಿಕ್ಸೆಲ್ ಇರುತ್ತದೆ. ಅದನ್ನು 1200ಕ್ಕೆ 800 ಮಾಡಿ ಹಾಕಿದರೆ ಫೋನಿನಲ್ಲಿ ನೋಡುವವರಿಗೆ ಯಾವ ಕೊರತೆಯೂ ಕಾಣುವುದಿಲ್ಲ, ಆದರೆ ಹೊರಗೆ ಹೋದದ್ದು ಮೂಲದ ಇಪ್ಪತ್ತೈದರಲ್ಲಿ ಒಂದು ಪಾಲು ಮಾತ್ರ. ನೀವು ಹೇಳಿದ ಹತ್ತಡಿಯ ಫ್ಲೆಕ್ಸನ್ನೇ ಲೆಕ್ಕಕ್ಕೆ ತೆಗೆದುಕೊಳ್ಳಿ. ಹತ್ತಡಿ ಎಂದರೆ 120 ಅಂಗುಲ. ಅಷ್ಟಗಲಕ್ಕೆ 1200 ಪಿಕ್ಸೆಲ್ ಹರಡಿದರೆ ಅಂಗುಲಕ್ಕೆ ಹತ್ತೇ ಪಿಕ್ಸೆಲ್ ಬಂತು. ಒಂದೊಂದು ಪಿಕ್ಸೆಲ್ಲೂ ಎಳ್ಳಿನ ಕಾಳಿನಷ್ಟು ಅಗಲವಾಗುತ್ತದೆ. ಪೂರ್ಣ ಗಾತ್ರದ ಚಿತ್ರ ಸಿಕ್ಕಿದ್ದರೆ ಅಂಗುಲಕ್ಕೆ ಐವತ್ತು ಬರುತ್ತಿತ್ತು. ಒಮ್ಮೆ ಆ ಫ್ಲೆಕ್ಸಿನ ಹತ್ತಿರಕ್ಕೇ ಹೋಗಿ ನಿಂತು ರಾಜಾ ಧಾರೆಯ ಅಂಚನ್ನು ನೋಡಿ. ನೀರಿನ ಎಳೆಗಳು ಮೆಟ್ಟಿಲು ಮೆಟ್ಟಿಲಾಗಿ ಒಡೆದಿದ್ದರೆ ಅವರಿಗೆ ಸಿಕ್ಕಿದ್ದು ಚಿಕ್ಕ ಪ್ರತಿ. ಬಂಡೆಯ ಮೇಲಿನ ಪಾಚಿಯೂ ಸ್ಪಷ್ಟವಾಗಿದ್ದರೆ ನೀವು ಪೂರ್ಣ ಗಾತ್ರವನ್ನೇ ಏರಿಸಿದ್ದೀರಿ ಎಂದು ತಿಳಿಯಬೇಕು. ಈಚೆಗೆ ಚಿಕ್ಕ ಚಿತ್ರವನ್ನು ಹಿಗ್ಗಿಸಿಕೊಡುವ ಎಐ ತಂತ್ರಾಂಶಗಳು ಬಂದಿರುವುದರಿಂದ ಈ ಲೆಕ್ಕ ಹಿಂದಿನಷ್ಟು ಗಟ್ಟಿಯಾಗಿ ಉಳಿದಿಲ್ಲವೆಂಬುದು ನಿಜ. ಆದರೂ ಅವು ಇಲ್ಲದ ವಿವರವನ್ನು ಊಹಿಸಿ ತುಂಬುತ್ತವೆಯೇ ಹೊರತು ನಿಮ್ಮ ಮೂಲವನ್ನು ಮರಳಿ ತರುವುದಿಲ್ಲ. ಇಲ್ಲಿಯೇ ಇನ್ನೊಂದು ಮಾತು: ‘72 ಡಿಪಿಐಗೆ, ಅಂದರೆ ಅಂಗುಲಕ್ಕೆ 72 ಚುಕ್ಕಿಗೆ, ಇಳಿಸಿ ಹಾಕಿ, ಯಾರೂ ಮುದ್ರಿಸಲಾರರು’ ಎಂಬ ಸಲಹೆ ಎಲ್ಲ ಕಡೆ ಕೇಳಿಬರುತ್ತದೆ. ಅದು ಟೊಳ್ಳು. ಪಿಕ್ಸೆಲ್‌ಗಳ ಸಂಖ್ಯೆಯನ್ನು ಕಡಿಮೆ ಮಾಡದೆ ಆ ಅಂಕಿಯೊಂದನ್ನೇ ಬದಲಾಯಿಸಿದರೆ ಕಡತದಲ್ಲಿ ಏನೂ ಬದಲಾಗುವುದಿಲ್ಲ.

ಎರಡನೆಯದಾಗಿ, ಮತ್ತು ನನ್ನ ದೃಷ್ಟಿಯಲ್ಲಿ ಮೊದಲನೆಯದಕ್ಕಿಂತ ಮುಖ್ಯವಾಗಿ, ಮನೆಯಲ್ಲಿ ಏನನ್ನು ಇಟ್ಟುಕೊಂಡಿದ್ದೀರಿ ಎಂದು ನೋಡಿಕೊಳ್ಳಿ. ಕೆಲವು ವರ್ಷಗಳ ಹಿಂದೆ ದಾಂಡೇಲಿಯಲ್ಲಿ ನಾನು ತೆಗೆದ ಮಂಗಟ್ಟೆಯ ಚಿತ್ರವೊಂದು ಒಂದು ಅಂಗಡಿಯವರು ಗಿರಾಕಿಗಳಿಗೆ ಹಂಚಿದ ಕ್ಯಾಲೆಂಡರಿನಲ್ಲಿ ಅಚ್ಚಾಗಿತ್ತು. ಹಕ್ಕಿ ಬಲಕ್ಕೆ ಮುಖ ಮಾಡಿತ್ತು. ನನ್ನ ಚಿತ್ರದಲ್ಲಿ ಅದು ಎಡಕ್ಕೆ ನೋಡುತ್ತಿತ್ತು. ವಿನ್ಯಾಸ ಮಾಡಿದವನು ‘ಇದು ಬೇರೆಯೇ ಹಕ್ಕಿ ಸಾರ್, ನೋಡಿ, ದಿಕ್ಕೇ ಬೇರೆ’ ಎಂದ. ಆ ದಿನ ನನ್ನ ಬಳಿ ಏರಿಸಿದ ಜೆಪಿಇಜಿ ಒಂದೇ ಇದ್ದಿದ್ದರೆ ಮಾತು ಅಲ್ಲಿಗೇ ನಿಲ್ಲುತ್ತಿತ್ತೇನೋ. ಆದರೆ ರಾ ಕಡತ, ಅಂದರೆ ಕ್ಯಾಮೆರಾ ಸೆರೆಹಿಡಿದ ಹಸಿ ಮೂಲ, ಇತ್ತು; ಅದಕ್ಕೆ ಹಿಂದಿನ ಏಳು, ಮುಂದಿನ ನಾಲ್ಕು ಚಿತ್ರಗಳೂ ಇದ್ದವು. ಅವೆಲ್ಲದರಲ್ಲಿಯೂ ಹಕ್ಕಿಯ ಎಡರೆಕ್ಕೆಯ ಒಂದು ಗರಿ ಅರ್ಧಕ್ಕೆ ಮುರಿದಿತ್ತು. ಕ್ಯಾಲೆಂಡರಿನ ಹಕ್ಕಿಗೆ ಅದೇ ಗರಿ, ಅದೇ ಜಾಗದಲ್ಲಿ, ಬಲರೆಕ್ಕೆಯಲ್ಲಿ ಮುರಿದಿತ್ತು. ರಾ ಕಡತದಲ್ಲಿ ನಾನು ಕತ್ತರಿಸಿ ತೆಗೆದಿದ್ದ ಅತ್ತಿಯ ಕೊಂಬೆಯೂ ಇತ್ತು. ಲ್ಯಾಪ್‌ಟಾಪಿನಲ್ಲಿ ಒಂದೊಂದಾಗಿ ತೋರಿಸುತ್ತಾ ಹೋದಂತೆ ಅವನ ದನಿ ತಗ್ಗಿತು. ಹಣವನ್ನು ಮುದ್ರಣದವರು ಕೊಟ್ಟರು.

ಆದ್ದರಿಂದ ಹೊರಗೆ ಬಿಡುವ ಪ್ರತಿ ಯಾವಾಗಲೂ ಮೂಲಕ್ಕಿಂತ ಸ್ವಲ್ಪ ಕತ್ತರಿಸಿದ್ದಾಗಿರಲಿ. ರಾ ಕಡತವನ್ನು, ಅದರ ಅಕ್ಕಪಕ್ಕದ ಚಿತ್ರಗಳನ್ನು, ಮಸುಕಾದವನ್ನೂ ಸೇರಿಸಿ, ಅಳಿಸದೆ ಎರಡು ಕಡೆ ಇಡಿ. ಕದ್ದವನ ಬಳಿ ಇರಲಾರದ ವಸ್ತು ಅದೊಂದೇ.

ಇನ್ನು ನಿಮ್ಮ ಹೋಂಸ್ಟೇಯ ವಿಷಯ. ಅವರಿಗೆ ಫೋನ್ ಮಾಡುವ ಮುನ್ನ ಜಾಲಪುಟದ ವಿಳಾಸವೂ ದಿನಾಂಕವೂ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆಯಿರಿ. ಫ್ಲೆಕ್ಸಿನ ಫೋಟೊವನ್ನು ಸುತ್ತಲಿನ ರಸ್ತೆ, ಮೈಲಿಗಲ್ಲು ಸಹಿತವಾಗಿ ತೆಗೆದುಕೊಳ್ಳಿ. ಬೈದ ಮೇಲೆ ಸಾಕ್ಷ್ಯ ಹುಡುಕಲು ಹೋದರೆ ಫ್ಲೆಕ್ಸ್ ಅಟ್ಟ ಸೇರಿರುತ್ತದೆ. ಆಮೇಲೆ ಒಂದು ಸೌಜನ್ಯದ ಪತ್ರ ಬರೆಯಿರಿ: ಚಿತ್ರ ನನ್ನದು, ಇಂಥ ದಿನ ತೆಗೆದದ್ದು, ಇಂಥ ದಿನ ಪ್ರಕಟಿಸಿದ್ದು, ತೆಗೆದುಹಾಕಿ ಅಥವಾ ಇಷ್ಟು ಸಂಭಾವನೆ ಕೊಟ್ಟು ಹೆಸರು ಹಾಕಿ ಉಳಿಸಿಕೊಳ್ಳಿ, ಹತ್ತು ದಿನಗಳಲ್ಲಿ ಉತ್ತರಿಸಿ ಎಂದು. ಇಂಥ ಸಂದರ್ಭಗಳಲ್ಲಿ ಬಹುಮಟ್ಟಿಗೆ ಮಾಲೀಕರಿಗೆ ಚಿತ್ರದ ಮೂಲವೇ ಗೊತ್ತಿರುವುದಿಲ್ಲ. ‘ಜೋಗದ್ದು ಒಂದು ಒಳ್ಳೆ ಫೋಟೊ ಹಾಕಪ್ಪ’ ಎಂದು ಅವರು ಫ್ಲೆಕ್ಸ್ ಅಂಗಡಿಯ ಹುಡುಗನಿಗೆ ಹೇಳಿರುತ್ತಾರೆ, ಹುಡುಗ ಗೂಗಲ್‌ನಲ್ಲಿ ಮೊದಲು ಕಂಡದ್ದನ್ನು ಎತ್ತಿರುತ್ತಾನೆ. ಮೊದಲ ಪತ್ರದಲ್ಲಿಯೇ ಪೊಲೀಸರ ಹೆಸರೆತ್ತಿದರೆ ಕೊಡುವ ಮನಸ್ಸಿದ್ದವರೂ ವಕೀಲರ ಬಳಿ ಓಡುತ್ತಾರೆ.

ಪತ್ರಕ್ಕೆ ಬಗ್ಗದಿದ್ದರೆ ಕಾನೂನು ನಿಮ್ಮ ಕಡೆಗಿದೆ. 1957ರ ಹಕ್ಕುಸ್ವಾಮ್ಯ ಕಾಯ್ದೆಯ ಪ್ರಕಾರ ಛಾಯಾಚಿತ್ರವು ಕಲಾಕೃತಿ. ಅದರಲ್ಲಿ ಕಲೆ ಇದೆಯೋ ಇಲ್ಲವೋ ಎಂದು ಯಾರೂ ಕೇಳುವಂತಿಲ್ಲ ಎಂದು ಕಾಯ್ದೆಯೇ ಹೇಳಿದೆ. ಷಟರ್ ಒತ್ತಿದ ಕ್ಷಣದಿಂದಲೇ ಹಕ್ಕು ಹುಟ್ಟುತ್ತದೆ. 2012ರ ತಿದ್ದುಪಡಿಯ ನಂತರ ಅದು ಛಾಯಾಗ್ರಾಹಕನ ಜೀವಿತಾವಧಿ ಮತ್ತು ಆಮೇಲೆ 60 ವರ್ಷ ಉಳಿಯುತ್ತದೆ. ನೋಂದಣಿ ಮಾಡಿಸಿಲ್ಲವಲ್ಲ ಎಂಬ ಅಳುಕು ಬೇಡ, ಅದು ಕಡ್ಡಾಯವಲ್ಲ. ಆದರೆ ನಿಮಗೆ ಬೆಲೆಬಾಳುವ ನಾಲ್ಕಾರು ಚಿತ್ರಗಳಿದ್ದರೆ ಕೃತಿಯೊಂದಕ್ಕೆ 500 ರೂಪಾಯಿ ಶುಲ್ಕ ಕಟ್ಟಿ ನೋಂದಾಯಿಸಿಕೊಂಡರೆ ನ್ಯಾಯಾಲಯದಲ್ಲಿ ಮೇಲ್ನೋಟದ ಪುರಾವೆಯಾಗಿ ನಿಲ್ಲುತ್ತದೆ. ದಾವೆಯನ್ನು ನೀವು ವಾಸಿಸುವ ಜಿಲ್ಲೆಯಲ್ಲಿಯೇ ಹೂಡಬಹುದು. ಉಲ್ಲಂಘನೆಯಾದ ಮೂರು ವರ್ಷಗಳೊಳಗೆ ಹೂಡಬೇಕು. ತಿಳಿದೂ ತಿಳಿದು ಮಾಡಿದ ಕಳವಿಗೆ ಕಲಂ 63ರ ಅಡಿ ಆರು ತಿಂಗಳಿಂದ ಮೂರು ವರ್ಷದವರೆಗೆ ಸೆರೆ, 50 ಸಾವಿರದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ಈ ಅಪರಾಧದಲ್ಲಿ ಪೊಲೀಸರು ನೇರವಾಗಿ ದೂರು ದಾಖಲಿಸಬಹುದು ಎಂದು ಸುಪ್ರೀಂ ಕೋರ್ಟ್ 2022ರ ಮೇ ತಿಂಗಳಲ್ಲಿ ಸ್ಪಷ್ಟಪಡಿಸಿದೆ. ಒಂದು ಫ್ಲೆಕ್ಸಿಗಾಗಿ ಅಷ್ಟು ದೂರ ಹೋಗಬೇಕೇ ಎಂಬುದನ್ನು ನೀವೇ ತೀರ್ಮಾನಿಸಿ. ನಾನಾದರೆ ಹೋಗುತ್ತಿರಲಿಲ್ಲ, ಪತ್ರವನ್ನು ಮಾತ್ರ ಬರೆಯದೆ ಬಿಡುತ್ತಿರಲಿಲ್ಲ.

ಪ್ರಶ್ನೆ: ವಾಟರ್‌ಮಾರ್ಕ್ ಹಾಕಿದರೆ ಸಾಕಲ್ಲವೇ? ಎಷ್ಟು ದೊಡ್ಡದಾಗಿ, ಎಲ್ಲಿ ಹಾಕಬೇಕು? – ಓದುಗರು, ಬೆಂಗಳೂರು

ಉತ್ತರ: ಮೂಲೆಯಲ್ಲಿ ಹಾಕಿದ ಹೆಸರು ಕತ್ತರಿಸಿದರೆ ಹೋಗುತ್ತದೆ, ನಡುವೆ ದಪ್ಪಗೆ ಹಾಕಿದರೆ ಕಳ್ಳನಿಗಿಂತ ಮೊದಲು ನೋಡುಗನೇ ಓಡಿಹೋಗುತ್ತಾನೆ. 2017ರಲ್ಲಿ ಗೂಗಲ್‌ನ ಸಂಶೋಧಕರು ಒಂದು ಪ್ರಬಂಧ ಪ್ರಕಟಿಸಿದರು. ಚಿತ್ರ ಮಾರುವ ದೊಡ್ಡ ಸಂಸ್ಥೆಗಳು ಸಾವಿರಾರು ಚಿತ್ರಗಳ ಮೇಲೆ ಒಂದೇ ಬಗೆಯ ಗುರುತನ್ನು ಒತ್ತುವುದರಿಂದ, ಆ ಚಿತ್ರಗಳನ್ನೆಲ್ಲ ಹೋಲಿಸಿ ನೋಡಿದ ಕಂಪ್ಯೂಟರ್ ಗುರುತು ಯಾವುದು, ಅದರಡಿಯ ಚಿತ್ರ ಯಾವುದು ಎಂದು ತಾನಾಗಿಯೇ ಬೇರ್ಪಡಿಸಬಲ್ಲದು ಎಂದು ಅವರು ತೋರಿಸಿದರು. ಪ್ರತಿ ಚಿತ್ರದಲ್ಲಿಯೂ ಗುರುತಿನ ಆಕಾರವನ್ನು ಚೂರು ಚೂರು ಸೊಟ್ಟಗೆ ಮಾಡಿದರೆ ಅಳಿಸುವುದು ಕಷ್ಟವಾಗುತ್ತದೆ ಎಂಬುದೂ ಅದೇ ಪ್ರಬಂಧದಲ್ಲಿತ್ತು. ಆಮೇಲೆ ಕಾಲ ಇನ್ನೂ ಮುಂದೆ ಬಂದಿದೆ. ಬೆರಳಿನಿಂದ ಸವರಿದರೆ ಹೆಸರು ಮಾಯವಾಗುವ ಸೌಲಭ್ಯ ಈಗ ಸಾಮಾನ್ಯ ಫೋನಿನಲ್ಲಿಯೇ ಇದೆ.

ಹಾಗೆಂದು ಹಾಕಬೇಡಿ ಎನ್ನುತ್ತಿಲ್ಲ. ಕಳ್ಳನನ್ನು ತಡೆಯುವ ಶಕ್ತಿ ವಾಟರ್‌ಮಾರ್ಕಿಗೆ ಇಲ್ಲ, ಆದರೆ ಪ್ರಾಮಾಣಿಕನಿಗೆ ಅದು ವಿಳಾಸ ಹೇಳುತ್ತದೆ: ಚಿತ್ರ ಇಷ್ಟವಾಗಿ ಕೊಳ್ಳಬೇಕೆಂದಿರುವ ಸಂಪಾದಕರಿಗೆ ನಿಮ್ಮನ್ನು ಹುಡುಕಲು ಅದೇ ದಾರಿ. ಅಲ್ಲದೆ ಹೆಸರನ್ನು ಅಳಿಸಿ ಬಳಸಿದವನು ‘ಗೊತ್ತಿರಲಿಲ್ಲ’ ಎನ್ನಲಾರ. ಹಕ್ಕುದಾರನ ಮಾಹಿತಿಯನ್ನು ತಿಳಿದೂ ತೆಗೆದುಹಾಕುವುದು ಕಲಂ 65ಬಿ ಪ್ರಕಾರ ಎರಡು ವರ್ಷದವರೆಗೆ ಸೆರೆಗೆ ದಾರಿಯಾಗುವ ಪ್ರತ್ಯೇಕ ಅಪರಾಧ. ಸಣ್ಣ ಅಕ್ಷರದಲ್ಲಿ, ತಿಳಿಯಾಗಿ ಹಾಕಿ. ಖಾಲಿ ಆಕಾಶದ ಮೇಲೆ ಬೇಡ, ಮರದ ತೊಗಟೆಯ ಮೇಲೋ ಸೀರೆಯ ಜರಿಯ ಪಕ್ಕದಲ್ಲೋ ಹಾಕಿ, ಅಳಿಸಿದರೆ ನೇಯ್ಗೆ ಕೆಟ್ಟು ಗುರುತು ಉಳಿಯುವ ಕಡೆ.

ಕಣ್ಣಿಗೆ ಕಾಣುವ ಹೆಸರಿನ ಜೊತೆಗೆ ಕಡತದೊಳಗಿನ ಮೆಟಾಡೇಟಾದಲ್ಲಿಯೂ, ಅಂದರೆ ಚಿತ್ರದ ಜೊತೆ ಅಡಗಿರುವ ವಿವರಗಳಲ್ಲಿಯೂ, ಹೆಸರು, ಮಿಂಚಂಚೆ, ಹಕ್ಕಿನ ಸಾಲು ತುಂಬಿಸಿ. ಹೆಚ್ಚಿನ ಕ್ಯಾಮೆರಾಗಳ ಮೆನುವಿನಲ್ಲಿ ಒಮ್ಮೆ ತುಂಬಿಸಿದರೆ ಪ್ರತಿ ಚಿತ್ರಕ್ಕೂ ತಾನಾಗಿ ಸೇರುತ್ತದೆ. ಸಾಮಾಜಿಕ ಜಾಲತಾಣಗಳು ಅದನ್ನು ಬಹುತೇಕ ಕಿತ್ತುಹಾಕುತ್ತವೆ ಎಂಬುದು ನೆನಪಿರಲಿ. ಅದರೊಳಗೇ ಜಿಪಿಎಸ್ ಸ್ಥಾನವೂ ಇರಬಹುದು ಎಂಬುದು ಇನ್ನೂ ಚೆನ್ನಾಗಿ ನೆನಪಿರಲಿ. ವಾಟ್ಸಾಪಿನಲ್ಲಿ ಚಿತ್ರವಾಗಿ ಕಳಿಸಿದರೆ ಅದು ಕಳಚಿಹೋಗುತ್ತದೆ, ‘ಡಾಕ್ಯುಮೆಂಟ್’ ಎಂದು ಕಳಿಸಿದರೆ ಹಾಗೆಯೇ ಹೋಗುತ್ತದೆ. ಗೂಡಿನಲ್ಲಿರುವ ಹಕ್ಕಿಯ ಚಿತ್ರ ಹಂಚುವವರು ಮೊದಲು ಕಾಪಾಡಬೇಕಾದದ್ದು ಆ ಗೂಡಿನ ಜಾಗವನ್ನು; ಚಿತ್ರ ಆಮೇಲೆ.

ಪ್ರಶ್ನೆ: ಹಾಸನದಲ್ಲಿ ನನ್ನದೊಂದು ಸಣ್ಣ ಸ್ಟುಡಿಯೊ. ಮದುವೆಯೊಂದರ ಧಾರೆಯ ಚಿತ್ರವನ್ನು ನಮ್ಮ ಇನ್‌ಸ್ಟಾಗ್ರಾಂ ಪುಟದಲ್ಲಿ ಹಾಕಿದ್ದೆವು. ಅದನ್ನು ಬೇರೆ ಊರಿನ ಸ್ಟುಡಿಯೊ ತನ್ನ ಕೆಲಸವೆಂದು ಹಾಕಿಕೊಂಡಿದೆ. ನಾವು ಕೇಸು ಹಾಕಬೇಕೆಂದಿರುವಾಗಲೇ ಹುಡುಗಿಯ ಮನೆಯವರು ಫೋನ್ ಮಾಡಿ, ‘ನಮ್ಮನ್ನು ಕೇಳದೆ ನೀವಾದರೂ ಯಾಕೆ ಹಾಕಿದಿರಿ’ ಎಂದು ನಮ್ಮನ್ನೇ ತರಾಟೆಗೆ ತೆಗೆದುಕೊಂಡರು. ಚಿತ್ರ ತೆಗೆದವರು ನಾವಲ್ಲವೇ? – ಓದುಗರು, ಹಾಸನ

ಉತ್ತರ: ತೆಗೆದವರು ನೀವು. ಆದರೆ ಹಕ್ಕು ನಿಮ್ಮದಲ್ಲದಿರಬಹುದು, ಮತ್ತು ಇದನ್ನು ತಿಳಿದ ಸ್ಟುಡಿಯೊದವರನ್ನು ನಾನು ಬೆರಳೆಣಿಕೆಯಷ್ಟೇ ಕಂಡಿದ್ದೇನೆ. ಸಾಮಾನ್ಯ ನಿಯಮದಂತೆ ಛಾಯಾಚಿತ್ರದ ಕರ್ತೃ ಅದನ್ನು ತೆಗೆದವನೇ. ಆದರೆ ಕಾಯ್ದೆಯ ಕಲಂ 17ರಲ್ಲಿ ಒಂದು ಅಪವಾದವಿದೆ: ಯಾರಾದರೂ ಹಣ ಕೊಟ್ಟು, ತಮ್ಮ ಕೋರಿಕೆಯ ಮೇರೆಗೆ ಛಾಯಾಚಿತ್ರ ತೆಗೆಸಿದರೆ, ಅದಕ್ಕೆ ವಿರುದ್ಧವಾದ ಒಪ್ಪಂದ ಇಲ್ಲದಿದ್ದ ಪಕ್ಷದಲ್ಲಿ, ಹಕ್ಕಿನ ಮೊದಲ ಒಡೆಯರು ತೆಗೆಸಿದವರು. ಮುಂಗಡ ಪಡೆದು, ಡೈರಿಯಲ್ಲಿ ಮುಹೂರ್ತ ಬರೆದುಕೊಂಡು, ಆಲ್ಬಂ ಎಷ್ಟು ಹಾಳೆ ಎಂದು ಮಾತಾಡಿ ಮುಗಿಸಿದ ಮದುವೆಗಳೆಲ್ಲ ಈ ಅಪವಾದದೊಳಗೇ ಬರುತ್ತವೆ. ಹಾಗಾಗಿ ನಿಮ್ಮ ಪ್ರಸಂಗದಲ್ಲಿ ಆ ಇನ್ನೊಂದು ಸ್ಟುಡಿಯೊದ ಮೇಲೆ ಹಕ್ಕುಸ್ವಾಮ್ಯದ ದಾವೆ ಹೂಡಬಲ್ಲವರು ಹಣ ಕೊಟ್ಟು ತೆಗೆಸಿದ ಹುಡುಗಿಯ ಮನೆಯವರೇ ಹೊರತು ನೀವಲ್ಲ. ಅವರು ಮನಸ್ಸು ಮಾಡಿದರೆ ನಿಮ್ಮನ್ನೂ ಪ್ರಶ್ನಿಸಬಹುದು.

ನಿಮಗೆ ಪೂರ್ತಿ ಬರಿಗೈ ಎಂದೇನೂ ಅಲ್ಲ. ಹಕ್ಕು ಯಾರ ಕೈಗೆ ಹೋದರೂ, ಚಿತ್ರ ತೆಗೆದವನು ನಾನು ಎಂದು ಹೇಳಿಕೊಳ್ಳುವ ಹಕ್ಕನ್ನು ಕಲಂ 57 ಕರ್ತೃವಿನಲ್ಲಿಯೇ ಉಳಿಸಿದೆ. ಬೇರೆಯವರು ನಿಮ್ಮ ಕೆಲಸವನ್ನು ತಮ್ಮದೆಂದು ತೋರಿಸಿಕೊಂಡಿರುವುದರಿಂದ ನೀವು ಆ ನೆಲೆಯಲ್ಲಿ ಪತ್ರ ಬರೆಯಬಹುದು. ಅದಕ್ಕೂ ಮೊದಲು ಹುಡುಗಿಯ ಮನೆಗೆ ಹೋಗಿ ಕ್ಷಮೆ ಕೇಳಿ, ಅವರು ಬೇಡವೆಂದರೆ ನಿಮ್ಮ ಪುಟದಿಂದ ಚಿತ್ರ ತೆಗೆದುಬಿಡಿ. ಆಮೇಲೆ ಇಬ್ಬರೂ ಸೇರಿ ಬರೆದ ದೂರಿಗೆ ತೂಕ ಹೆಚ್ಚು.

ಮುಂದಿನ ಮದುವೆಗೆ ಮುಂಗಡದ ರಸೀದಿಯ ಕೆಳಗೆ ಮೂರು ವಾಕ್ಯ ಅಚ್ಚು ಹಾಕಿಸಿ, ಇಬ್ಬರೂ ಸಹಿ ಮಾಡಿ: ‘ಈ ಸಮಾರಂಭದಲ್ಲಿ ತೆಗೆದ ಛಾಯಾಚಿತ್ರಗಳ ಹಕ್ಕುಸ್ವಾಮ್ಯ ಸ್ಟುಡಿಯೊದ್ದು. ಮನೆಯವರು ತಮ್ಮ ಸ್ವಂತ ಬಳಕೆಗೆ ಎಷ್ಟು ಪ್ರತಿಗಳನ್ನಾದರೂ ಮಾಡಿಸಿಕೊಳ್ಳಬಹುದು, ಹಂಚಿಕೊಳ್ಳಬಹುದು. ಪ್ರಚಾರಕ್ಕೆ ಬಳಸುವ ಚಿತ್ರಗಳನ್ನು ಸ್ಟುಡಿಯೊ ಮೊದಲು ವಧೂವರರಿಗೆ ತೋರಿಸಿ ಒಪ್ಪಿಗೆ ಪಡೆಯತಕ್ಕದ್ದು.’ ಮೂರನೆಯ ವಾಕ್ಯವನ್ನು ಉಳಿಸುವುದಕ್ಕೆ ಜಿಪುಣತನ ಮಾಡಬೇಡಿ. ಅದನ್ನು ಓದಿದ ಮೇಲೆಯೇ ಮನೆಯವರು ಮೊದಲನೆಯದಕ್ಕೆ ಸಹಿ ಹಾಕುತ್ತಾರೆ. ಎರಡನೇ ಕ್ಯಾಮೆರಾ ಹಿಡಿಯಲು ದಿನಗೂಲಿಗೆ ಬರುವ ಹುಡುಗನ ಜೊತೆಗೂ ಇಂಥದೇ ಒಂದು ಚೀಟಿ ಇರಲಿ.

ಪ್ರಶ್ನೆ: ಕಾಲೇಜಿಗೆ ಹೋಗುವ ನನ್ನ ಮಗಳ ಪ್ರೊಫೈಲ್ ಚಿತ್ರ ಬಳಸಿ ಯಾರೋ ನಕಲಿ ಖಾತೆ ತೆರೆದಿದ್ದಾರೆ. ಅವಳ ಗೆಳತಿಯರಿಗೆಲ್ಲ ಸಂದೇಶ ಹೋಗುತ್ತಿದೆ. ಅವಳು ಊಟ ಬಿಟ್ಟು ಕುಳಿತಿದ್ದಾಳೆ. ಏನು ಮಾಡಲಿ? – ಓದುಗರು, ದಾವಣಗೆರೆ

ಉತ್ತರ: ಅಮ್ಮಾ, ಮೊದಲು ಮಗಳಿಗೆ ಊಟ ಮಾಡಿಸಿ, ಇದರಲ್ಲಿ ಅವಳ ತಪ್ಪು ಎಳ್ಳಷ್ಟೂ ಇಲ್ಲವೆಂದು ಹೇಳಿ. ‘ನೀನು ಫೋಟೊ ಯಾಕೆ ಹಾಕಿದೆ’ ಎಂಬ ಪ್ರಶ್ನೆ ಮನೆಯಲ್ಲಿ ಯಾರ ಬಾಯಿಂದಲೂ ಬರದಿರಲಿ.

ಆ ನಕಲಿ ಖಾತೆಗೆ ಯಾರೂ ಉತ್ತರಿಸಬಾರದು, ಬೈಯಬಾರದು. ಖಾತೆಯ ಪುಟ, ಅದರ ವಿಳಾಸ, ಗೆಳತಿಯರಿಗೆ ಬಂದ ಸಂದೇಶ, ಇವುಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡ ಮೇಲೆಯೇ ‘ಬೇರೊಬ್ಬರಂತೆ ನಟಿಸುತ್ತಿದ್ದಾರೆ’ ಎಂಬ ಆಯ್ಕೆಯಡಿ ಅದೇ ತಾಣದಲ್ಲಿ ದೂರು ಕೊಡಿ; ಗೆಳತಿಯರಿಂದಲೂ ಕೊಡಿಸಿ. 2021ರ ಮಾಹಿತಿ ತಂತ್ರಜ್ಞಾನ ನಿಯಮಗಳ ಪ್ರಕಾರ ಪ್ರತಿ ಸಾಮಾಜಿಕ ಜಾಲತಾಣಕ್ಕೂ ಒಬ್ಬ ಕುಂದುಕೊರತೆ ಅಧಿಕಾರಿ ಇರಲೇಬೇಕು, ಅವರ ವಿಳಾಸ ತಾಣದಲ್ಲಿಯೇ ಇರಬೇಕು. ಸೋಗು ಹಾಕಿದ ಖಾತೆ, ತಿದ್ದಿದ ಚಿತ್ರ, ನಗ್ನ ಚಿತ್ರ ಇಂಥವುಗಳ ಬಗ್ಗೆ ಆ ವ್ಯಕ್ತಿಯೋ ಅವರ ಪರವಾಗಿ ಬೇರೆಯವರೋ ದೂರು ಕೊಟ್ಟರೆ ದಿನಗಟ್ಟಲೆ ಕಾಯಿಸುವಂತಿಲ್ಲ, ಗಂಟೆಗಳ ಲೆಕ್ಕದಲ್ಲಿ ಕ್ರಮ ಕೈಗೊಳ್ಳಬೇಕು. ಇದರ ಜೊತೆಗೆ ಕೇಂದ್ರದ ಸೈಬರ್ ಅಪರಾಧ ಪೋರ್ಟಲ್ಲಿನಲ್ಲಿ ದೂರು ದಾಖಲಿಸಿ, ಇಲ್ಲವೇ ನಿಮ್ಮ ಜಿಲ್ಲೆಯ ಸಿಇಎನ್ (ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧ) ಪೊಲೀಸ್ ಠಾಣೆಗೆ ಹೋಗಿ. ಆ ಖಾತೆಯಿಂದ ಯಾರಿಗಾದರೂ ಹಣ ಕೇಳಿ, ಅವರು ಕಳಿಸಿಯೂ ಬಿಟ್ಟಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿಸಿ.

ಚಿತ್ರವನ್ನು ಅಸಹ್ಯವಾಗಿ ತಿದ್ದಿ ಹರಡುವುದಾಗಿ ಬೆದರಿಸಿದರೆ ಹಣ ಕೊಡಬೇಡಿ. ಒಮ್ಮೆ ಕೊಟ್ಟವರನ್ನು ಮತ್ತೆ ಕೇಳುತ್ತಾರೆ. ಹದಿನೆಂಟು ತುಂಬಿದವರಿಗಾಗಿ ‘ಸ್ಟಾಪ್‌ಎನ್‌ಸಿಐಐ’ ಎಂಬ ಸೇವೆ ಇದೆ. ಚಿತ್ರ ನಿಮ್ಮ ಫೋನಿನಿಂದ ಹೊರಗೆ ಹೋಗುವುದೇ ಇಲ್ಲ. ಅದರ ಬೆರಳಚ್ಚಿನಂಥ ಒಂದು ಸಂಕೇತ ಮಾತ್ರ ಹೋಗಿ, ಅದಕ್ಕೆ ಹೊಂದುವ ಚಿತ್ರ ಸೇವೆಯಲ್ಲಿ ಪಾಲುಗೊಂಡಿರುವ ತಾಣಗಳಲ್ಲಿ ಏರದಂತೆ ನೋಡಿಕೊಳ್ಳುತ್ತದೆ. ಹದಿನೆಂಟರೊಳಗಿನವರಿಗೆ ‘ಟೇಕ್ ಇಟ್ ಡೌನ್’ ಎಂಬ ಇಂಥದೇ ಸೇವೆ ಇದೆ. ಪ್ರೊಫೈಲ್ ಚಿತ್ರಕ್ಕೆ ಕಾವಲು ಹಾಕುವ ಸೌಲಭ್ಯವನ್ನು ಫೇಸ್‌ಬುಕ್ 2017ರ ಜೂನ್‌ನಲ್ಲಿ ಮೊದಲು ತಂದದ್ದು ನಮ್ಮ ದೇಶದಲ್ಲಿಯೇ, ಅದೂ ಹೆಣ್ಣುಮಕ್ಕಳ ಚಿತ್ರಗಳ ದುರ್ಬಳಕೆಯ ಕಾರಣಕ್ಕೆ. ಇಂಥ ಕಾವಲುಗಳು ಸಿಕ್ಕಲ್ಲೆಲ್ಲ ಹಾಕಿಕೊಳ್ಳಲಿ. ಇನ್ನೊಂದು ಫೋನಿನಿಂದ ಪರದೆಯ ಫೋಟೊ ತೆಗೆಯುವವನನ್ನು ಮಾತ್ರ ಅವು ತಡೆಯಲಾರವು.

ಪ್ರಶ್ನೆ: ನಾನು ಪ್ರೌಢಶಾಲೆಯ ಶಿಕ್ಷಕ. ಶಾಲೆಯ ವಾರ್ಷಿಕ ಸಂಚಿಕೆಗೆ ಗೂಗಲ್‌ನಿಂದ ಚಿತ್ರ ತೆಗೆದು ‘ಚಿತ್ರಕೃಪೆ: ಅಂತರ್ಜಾಲ’ ಎಂದು ಹಾಕುವುದು ರೂಢಿ. ಇದರಲ್ಲಿ ತಪ್ಪಿದೆಯೇ? – ಓದುಗರು, ಗದಗ

ಉತ್ತರ: ಇದೆ, ಮೇಷ್ಟ್ರೇ. ಹೂವು ಕಿತ್ತ ತೋಟದವನ ಹೆಸರು ಬಿಟ್ಟು ‘ಹೂವಿನ ಕೃಪೆ: ರಸ್ತೆ’ ಎಂದ ಹಾಗಾಯಿತು. ಗೂಗಲ್ ಚಿತ್ರದ ಒಡೆಯನಲ್ಲ, ಚಿತ್ರ ಎಲ್ಲಿದೆ ಎಂದು ತೋರಿಸುವ ಕೈಮರ. ತರಗತಿಯಲ್ಲಿ ಪಾಠ ಮಾಡುವಾಗ ಚಿತ್ರವನ್ನು ತೋರಿಸುವುದಕ್ಕೆ, ಪ್ರಶ್ನೆಪತ್ರಿಕೆಗೆ ಬಳಸುವುದಕ್ಕೆ ಕಾಯ್ದೆಯ ಕಲಂ 52 ಅವಕಾಶ ಕೊಟ್ಟಿದೆ. ಜಾಹೀರಾತು ಪಡೆದು ಅಚ್ಚು ಹಾಕಿಸಿ ಹಂಚುವ ಸಂಚಿಕೆಗೆ ಆ ರಿಯಾಯಿತಿಯ ಆಸರೆ ಸಿಗುವುದು ಕಷ್ಟ.

ದಾರಿ ಸುಲಭವಾಗಿದೆ. ಗೂಗಲ್ ಚಿತ್ರಗಳ ಹುಡುಕಾಟದಲ್ಲಿಯೇ ಬಳಕೆಯ ಹಕ್ಕುಗಳ ಪ್ರಕಾರ ಸೋಸುವ ಸೌಲಭ್ಯವಿದೆ. ಅಲ್ಲಿ ಕ್ರಿಯೇಟಿವ್ ಕಾಮನ್ಸ್ (ಷರತ್ತಿನೊಂದಿಗೆ ಬಳಸಿಕೊಳ್ಳಲು ಒಡೆಯರೇ ಮೊದಲೇ ಕೊಟ್ಟ ಪರವಾನಗಿ) ಎಂದು ಆರಿಸಿ. ಅದಕ್ಕಿಂತ ಒಳ್ಳೆಯದು ಇಂಥ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್ ತಾಣ. ಹಂಪಿಯ ಕಲ್ಲಿನ ರಥ, ಲಕ್ಕುಂಡಿಯ ಬಾವಿಗಳು, ಬಾದಾಮಿಯ ಗುಹೆಗಳು, ಎಲ್ಲದರ ಚಿತ್ರಗಳೂ ಅಲ್ಲಿವೆ. ಅವುಗಳಲ್ಲಿ ಎಷ್ಟೋ ನಮ್ಮವರೇ ತೆಗೆದು ಕೊಟ್ಟವು. ಚಿತ್ರದ ಕೆಳಗೆ ತೆಗೆದವರ ಹೆಸರು, ವಿಕಿಮೀಡಿಯ ಕಾಮನ್ಸ್ ಎಂಬ ಮೂಲ, ಯಾವ ಪರವಾನಗಿ ಎಂಬುದು, ಇಷ್ಟನ್ನು ಒಂದು ಸಾಲಿನಲ್ಲಿ ಬರೆದರೆ ಆಯಿತು. ಅದಕ್ಕಿಂತಲೂ ಒಳ್ಳೆಯ ಉಪಾಯವೆಂದರೆ ನಿಮ್ಮ ಒಂಬತ್ತನೇ ತರಗತಿಯ ಮಕ್ಕಳ ಕೈಗೆ ಫೋನು ಕೊಟ್ಟು ಲಕ್ಕುಂಡಿಗೆ ಕರೆದುಕೊಂಡು ಹೋಗುವುದು. ಗದಗದಿಂದ ಅದೇನು ದೂರವೇ!

ಪ್ರಶ್ನೆ: ನಾನು ಸಿಂಗಪುರದಲ್ಲಿದ್ದೇನೆ. ಊರಿಗೆ ಬಂದಾಗ ತೆಗೆದ ಯಕ್ಷಗಾನದ ಚೌಕಿಯ ಚಿತ್ರಗಳು ವಿದೇಶದ ಒಂದು ವಾಲ್‌ಪೇಪರ್ ತಾಣದಲ್ಲಿ ಮಾರಾಟಕ್ಕಿವೆ ಎಂದು ಗೆಳೆಯರು ತಿಳಿಸಿದರು. ಹೀಗೆ ಇನ್ನೆಲ್ಲೆಲ್ಲಿ ಇವೆಯೋ ತಿಳಿಯುವುದು ಹೇಗೆ? ದೂರದ ದೇಶದವರ ಮೇಲೆ ನಾನು ಏನು ಮಾಡಬಲ್ಲೆ? – ಓದುಗರು, ಸಿಂಗಪುರ

ಉತ್ತರ: ಹುಡುಕುವುದಕ್ಕೆ ಗೂಗಲ್ ಲೆನ್ಸ್ ಇದೆ, 2008ರಿಂದ ಇದೇ ಕೆಲಸ ಮಾಡುತ್ತಿರುವ ಟಿನ್‌ಐ ಇದೆ. ಚಿತ್ರವನ್ನು ಅವಕ್ಕೆ ಕೊಟ್ಟರೆ ಅದರ ಪ್ರತಿಗಳು ಎಲ್ಲಿವೆ ಎಂದು ತೋರಿಸುತ್ತವೆ. ಎರಡರಲ್ಲಿಯೂ ಹುಡುಕಿ, ಏಕೆಂದರೆ ಒಂದಕ್ಕೆ ಕಂಡದ್ದು ಇನ್ನೊಂದಕ್ಕೆ ಕಾಣುವುದಿಲ್ಲ. ಪೂರ್ತಿ ಚಿತ್ರದ ಜೊತೆಗೆ ಅದರ ಒಂದು ತುಂಡನ್ನೂ, ಉದಾಹರಣೆಗೆ ಬಣ್ಣ ಹಚ್ಚಿಕೊಳ್ಳುತ್ತಿರುವ ಕಲಾವಿದರ ಮುಖವನ್ನಷ್ಟೇ, ಕೊಟ್ಟು ನೋಡಿ. ಎಡಬಲ ತಿರುಗಿಸಿಯೂ ನೋಡಿ. ನನ್ನ ಮಂಗಟ್ಟೆ ಕಲಿಸಿದ ಪಾಠ ಅದು.

ದೇಶ ಬೇರೆಯಾದರೂ ಹಕ್ಕು ಹೋಗುವುದಿಲ್ಲ. 1886ರ ಬರ್ನ್ ಒಪ್ಪಂದಕ್ಕೆ ಸೇರಿದ ದೇಶಗಳು ಪರಸ್ಪರರ ಕೃತಿಗಳಿಗೆ ರಕ್ಷಣೆ ಕೊಡಬೇಕು. ಭಾರತವೂ ಸಿಂಗಪುರವೂ ಅಮೆರಿಕವೂ ಅದರಲ್ಲಿವೆ. ವಕೀಲರ ಬಳಿ ಹೋಗುವ ಮೊದಲು ಆ ತಾಣಕ್ಕೆ ಸ್ಥಳ ಕೊಟ್ಟಿರುವ ಹೋಸ್ಟಿಂಗ್ ಸಂಸ್ಥೆ ಯಾವುದೆಂದು ನೋಡಿ. ಅದು ಅಮೆರಿಕದ್ದಾಗಿದ್ದರೆ ಡಿಎಂಸಿಎ ಎಂಬ ಅಲ್ಲಿಯ 1998ರ ಡಿಜಿಟಲ್ ಹಕ್ಕುಸ್ವಾಮ್ಯ ಕಾಯ್ದೆಯಡಿ ತೆರವಿನ ನೋಟಿಸು ಕಳಿಸಬಹುದು. ಹುಡುಕಾಟದ ಫಲಿತಾಂಶದಿಂದ ತೆಗೆಸಲು ಗೂಗಲ್‌ಗೂ ಇದೇ ಬಗೆಯ ಅರ್ಜಿ ಇದೆ. ಇದಕ್ಕೆ ಶುಲ್ಕವಿಲ್ಲ, ಆದರೆ ಸುಳ್ಳು ಹೇಳಿದರೆ ಶಿಕ್ಷೆಯಿದೆ. ಭಾರತದಲ್ಲಿರುವ ತಾಣಗಳಿಗಾದರೆ 2013ರ ಹಕ್ಕುಸ್ವಾಮ್ಯ ನಿಯಮಗಳಂತೆ ಲಿಖಿತ ದೂರು ಕೊಡಬೇಕು. ದೂರು ತಲುಪಿದ 36 ಗಂಟೆಗಳಲ್ಲಿ ಅವರು ಆ ಚಿತ್ರವನ್ನು ತಡೆಹಿಡಿಯಬೇಕು. ಆ ತಡೆ 21 ದಿನಗಳವರೆಗೆ ಮಾತ್ರ, ಅಷ್ಟರಲ್ಲಿ ನೀವು ನ್ಯಾಯಾಲಯದ ಆದೇಶ ತರದಿದ್ದರೆ ಚಿತ್ರ ಮತ್ತೆ ಏರಬಹುದು ಎಂಬುದನ್ನು ದೂರು ಕೊಡುವಾಗಲೇ ಯೋಚಿಸಿಕೊಳ್ಳಿ.

ದೊಡ್ಡವರ ಎದುರು ಒಬ್ಬಂಟಿ ಛಾಯಾಗ್ರಾಹಕ ಗೆಲ್ಲಲಾರ ಎಂಬ ನಂಬಿಕೆ ನಿಮ್ಮ ಪತ್ರದ ಸಾಲುಗಳ ನಡುವೆ ಕಂಡಿತು. 2010ರ ಜನವರಿಯಲ್ಲಿ ಹೈಟಿಯಲ್ಲಿ ಭೂಕಂಪವಾದಾಗ ಅಲ್ಲಿಯವರೇ ಆದ ಡೇನಿಯಲ್ ಮೊರೆಲ್ ಎಂಬ ಛಾಯಾಗ್ರಾಹಕರು ತೆಗೆದ ಚಿತ್ರಗಳನ್ನು ಟ್ವಿಟರ್ ಮೂಲಕ ಹಾಕಿದರು. ಬೇರೊಬ್ಬರು ಅವನ್ನು ತಮ್ಮದೆಂದು ಮತ್ತೆ ಹಾಕಿಕೊಂಡರು. ಅಲ್ಲಿಂದ ಎತ್ತಿಕೊಂಡ ಎಎಫ್‌ಪಿ ಸುದ್ದಿಸಂಸ್ಥೆ ಚಿತ್ರ ಮಾರುವ ಗೆಟ್ಟಿ ಸಂಸ್ಥೆಯ ಮೂಲಕ ಜಗತ್ತಿಗೆಲ್ಲ ಹಂಚಿತು. ಸಾರ್ವಜನಿಕವಾಗಿ ಹಾಕಿದ ಮೇಲೆ ಬಳಸಬಹುದು ಎಂಬ ವಾದವನ್ನು ನ್ಯೂಯಾರ್ಕಿನ ನ್ಯಾಯಾಲಯ ಒಪ್ಪಲಿಲ್ಲ. 2013ರ ನವೆಂಬರ್‌ನಲ್ಲಿ ಜ್ಯೂರಿ ಮೊರೆಲ್ ಅವರಿಗೆ ಸುಮಾರು 12 ಲಕ್ಷ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ನಾಲ್ಕು ವರ್ಷ ಹಿಡಿಯಿತು ಎಂಬುದನ್ನು ಮುಚ್ಚಿಡುವುದಿಲ್ಲ. ವಾಲ್‌ಪೇಪರ್ ತಾಣದವರಿಂದ ನಿಮಗೆ ಡಾಲರ್ ಬರುತ್ತದೆ ಎಂದು ಆಸೆ ಹುಟ್ಟಿಸುವುದೂ ಇಲ್ಲ; ಚಿತ್ರ ಇಳಿದರೆ ಅಷ್ಟೇ ಲಾಭ.

ಪ್ರಶ್ನೆ: ನನ್ನ ಚಿತ್ರಗಳನ್ನು ಎಐ ತರಬೇತಿಗೆ ಬಳಸದಂತೆ ತಡೆಯಬಹುದೇ? ‘ಗ್ಲೇಜ್’ ತಂತ್ರಾಂಶದಿಂದ ಪ್ರಯೋಜನವಿದೆಯೇ? – ಓದುಗರು, ಮೈಸೂರು

ಉತ್ತರ: ಸ್ವಂತ ತಾಣವಿದ್ದರೆ, ಎಐಗಾಗಿ ಚಿತ್ರ ಕೂಡಿಸುತ್ತಾ ಅಲೆಯುವ ತಂತ್ರಾಂಶಗಳು (ಬಾಟ್‌ಗಳು) ಬರಬಾರದು ಎಂದು ತಾಣದ ರೋಬೋಟ್ಸ್ ಕಡತದಲ್ಲಿ (robots.txt) ಬರೆದಿಡಬಹುದು. ಅದು ವಿನಂತಿ, ಬೇಲಿಯಲ್ಲ. ಸಾಮಾಜಿಕ ತಾಣಗಳಲ್ಲಿ ಸಾರ್ವಜನಿಕವಾಗಿ ಹಾಕಿದ್ದಕ್ಕೆ ಆ ತಾಣದ ಷರತ್ತುಗಳೇ ಅನ್ವಯ. ಷಿಕಾಗೊ ವಿಶ್ವವಿದ್ಯಾಲಯದವರು ಮಾಡಿದ ‘ಗ್ಲೇಜ್’ ಎಂಬ ತಂತ್ರಾಂಶದ ಬಗ್ಗೆ ಕೇಳಿದ್ದೀರಿ. ಅದನ್ನು ರೂಪಿಸಿರುವುದು ಚಿತ್ರಕಾರರ ಶೈಲಿಯನ್ನು ಕಾಯುವುದಕ್ಕಾಗಿ, ಫೋಟೊಗಳಿಗೆ ಅದನ್ನು ನೆಚ್ಚಿಕೊಳ್ಳಬೇಡಿ. ಹೊರಗೆ ಹೋಗಬಾರದ ಚಿತ್ರವನ್ನು ಹಾಕದಿರುವುದೊಂದೇ ನಾನು ಕೊಡಬಲ್ಲ ಖಚಿತವಾದ ಉತ್ತರ.

ಪ್ರಶ್ನೆ: ಒಂದು ಛಾಯಾಚಿತ್ರ ಸ್ಪರ್ಧೆಗೆ ಕಳಿಸಬೇಕೆಂದಿದ್ದೇನೆ. ಪ್ರವೇಶ ಶುಲ್ಕವಿಲ್ಲ. ಪೂರ್ಣ ಗಾತ್ರದ ಚಿತ್ರ ಕೇಳಿದ್ದಾರೆ. ಕಳಿಸಬಹುದೇ? – ಓದುಗರು, ಪುತ್ತೂರು

ಉತ್ತರ: ನಿಯಮಗಳ ಕೊನೆಯ ಪುಟವನ್ನು ಮೊದಲು ಓದಿ. ‘ಬಂದ ಎಲ್ಲ ಚಿತ್ರಗಳ ಹಕ್ಕು ಸಂಘಟಕರದ್ದು’ ಎಂದಿದ್ದರೆ ಅದು ಸ್ಪರ್ಧೆಯಲ್ಲ, ಬಿಟ್ಟಿಯಾಗಿ ಚಿತ್ರ ಕೂಡಿಸುವ ಉಪಾಯ. ಹಕ್ಕನ್ನು ಬರೆದುಕೊಡುವುದಕ್ಕೆ ನಿಮ್ಮ ಸಹಿಯಿರುವ ಲಿಖಿತ ಪತ್ರ ಬೇಕೆಂದು ಕಾಯ್ದೆ ಹೇಳುತ್ತದೆ. ಆದರೂ ಚಿತ್ರವೊಮ್ಮೆ ಅವರ ಕೈ ಸೇರಿದ ಮೇಲೆ ಆ ಜಗಳ ಆಡುವವರು ನೀವೇ. ‘ಬಹುಮಾನಿತ ಚಿತ್ರಗಳನ್ನು ಸ್ಪರ್ಧೆಯ ಪ್ರಚಾರಕ್ಕೆ, ಹೆಸರು ಸಹಿತ ಬಳಸುತ್ತೇವೆ’ ಎಂದಷ್ಟೇ ಇದ್ದರೆ ಧಾರಾಳವಾಗಿ ಕಳಿಸಿ, ಅದೂ ಮೊದಲ ಸುತ್ತಿಗೆ ಚಿಕ್ಕ ಪ್ರತಿಯನ್ನು. ಪೂರ್ಣ ಗಾತ್ರದ್ದನ್ನು ಆಯ್ಕೆಯಾದ ಮೇಲೆ ಕೊಡುತ್ತೇನೆ ಎಂದು ಬರೆಯಿರಿ; ನೆಟ್ಟಗಿರುವ ಸಂಘಟಕರು ಇದಕ್ಕೆ ಬೇಸರ ಮಾಡಿಕೊಳ್ಳುವುದಿಲ್ಲ. ರಾ ಕಡತವನ್ನು ಪರಿಶೀಲನೆಗೆಂದು ಕೇಳಿದರೆ ಅವರ ಎದುರಿಗೆ ತೆರೆದು ತೋರಿಸಿ, ಕೊಟ್ಟು ಬರಬೇಡಿ.